ಓದುಗರ ಪ್ರಶ್ನೆ: ಮನೆಗೆ ಸಿಸಿಟಿವಿ, ಯಾವ ಕ್ಯಾಮೆರಾ, ಎಂಥ ರೆಕಾರ್ಡರ್?

ಪ್ರಶ್ನೆ: 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲ. ಡಿವಿಆರ್ ಸಾಕೇ, ಎನ್‌ವಿಆರ್ ಬೇಕೇ? ಅಂಗಡಿಯವರು 5 ಮೆಗಾಪಿಕ್ಸೆಲ್ ಹಾಕಿಸಿ ಅನ್ನುತ್ತಿದ್ದಾರೆ. — ಮೈಸೂರು

ಉತ್ತರ: ಗೋಡೆ ಮುಚ್ಚುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಡಿವಿಆರ್, ಎನ್‌ವಿಆರ್ ಎರಡೂ ಚಿತ್ರ ಉಳಿಸಿಡುವ ರೆಕಾರ್ಡರ್‌ಗಳೇ; ಡಿವಿಆರ್ ಹಳೆ ಬಗೆಯ ಅನಲಾಗ್ ಕ್ಯಾಮೆರಾಗಳಿಗೆ, ಎನ್‌ವಿಆರ್ ನೆಟ್‌ವರ್ಕ್ ವೈರಿನ ಐಪಿ ಕ್ಯಾಮೆರಾಗಳಿಗೆ. ಕ್ಯಾಮೆರಾ ಬರುವ ಪ್ರತಿ ಜಾಗದಿಂದಲೂ ರೆಕಾರ್ಡರ್ ಇಡುವ ಜಾಗಕ್ಕೆ ಒಂದೊಂದು ಕ್ಯಾಟ್ 6 (ನೆಟ್‌ವರ್ಕ್) ವೈರ್ ನೇರವಾಗಿ ಎಳೆಸಿ, ನಡುವೆ ಎಲ್ಲೂ ಜೋಡಿಸಬೇಡಿ. ಪೈಪು ಕರೆಂಟಿನ ಪೈಪಿನಿಂದ ಬೇರೆ ಇರಲಿ. ಹೊಸ ಮನೆಗೆ ನಮ್ಮ ಸಲಹೆ ಪಿಒಇ ಇರುವ ಎನ್‌ವಿಆರ್. ಪಿಒಇ ಎಂದರೆ ಒಂದೇ ವೈರಿನಲ್ಲಿ ಚಿತ್ರವೂ ಬರುತ್ತದೆ, ಕರೆಂಟೂ ಹೋಗುತ್ತದೆ, 100 ಮೀಟರ್ ತನಕ ತೊಂದರೆಯಿಲ್ಲ. ಹಳೆ ಮನೆಯಲ್ಲಿ 3+1 ಕೇಬಲ್ (ಚಿತ್ರಕ್ಕೊಂದು ವೈರ್, ಕರೆಂಟು ಮುಂತಾದ್ದಕ್ಕೆ ಮೂರು ತೆಳು ವೈರ್ ಸೇರಿದ್ದು) ಆಗಲೇ ಇದ್ದರೆ ಅದನ್ನು ಕಿತ್ತು ಹಾಕುವ ಅಗತ್ಯವಿಲ್ಲ, ಡಿವಿಆರ್ ಧಾರಾಳವಾಗಿ ಸಾಕು.

ವೈರ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಬೆಲೆ ಕಡಿಮೆ, ಆದರೆ ಪಿಒಇಗೆ ಅದು ಬೇಡ.

ಇನ್ನು ಮೆಗಾಪಿಕ್ಸೆಲ್. ಅದಕ್ಕಿಂತ ಮೊದಲು ಕೇಳಬೇಕಾದದ್ದು ಲೆನ್ಸ್ ಎಷ್ಟು ಎಂಎಂ ಎಂದು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 2.8 ಎಂಎಂ, ಸುಮಾರು 100 ಡಿಗ್ರಿ ಅಗಲ ತೋರಿಸುತ್ತದೆ. ಅಪರಿಚಿತನ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂಬುದು ಈ ಕ್ಷೇತ್ರದ ಅಳತೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ ಇರುವುದು 1920 ಪಿಕ್ಸೆಲ್. 2.8 ಎಂಎಂ ಲೆನ್ಸಿನಲ್ಲಿ ಆ ಅಳತೆ ಸಿಗುವುದು ಬರೀ 3 ಮೀಟರ್ ದೂರದವರೆಗೆ; ಅದರಾಚೆ ಯಾರೋ ಬಂದು ಹೋದರು ಎಂದು ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ. ಅದೇ ಕ್ಯಾಮೆರಾಕ್ಕೆ 6 ಎಂಎಂ ಲೆನ್ಸ್ ಇದ್ದರೆ 7-8 ಮೀಟರ್ ದೂರದ ಮುಖವೂ ಗುರುತು ಸಿಗುತ್ತದೆ. ಹಾಗಾಗಿ ಗೇಟಿನತ್ತ ಒಂದು 6 ಎಂಎಂ, ಪೋರ್ಟಿಕೊ ಮತ್ತು ಹಿತ್ತಲಿಗೆ 2.8. ಎತ್ತರ 8ರಿಂದ 9 ಅಡಿ. ಮಹಡಿ ಸಜ್ಜೆಗೆ ಹಾಕಿದರೆ ತಲೆಗೂದಲು, ಹೆಲ್ಮೆಟ್ಟು ಬಿಟ್ಟು ಬೇರೇನೂ ಕಾಣದು.

2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರದ ಸೈಬರ್ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ತಾಳೆ ಮಾಡಿ.

ಪ್ರಶ್ನೆ: ಹಿತ್ತಲಿನ ಕ್ಯಾಮೆರಾ ಹಗಲೆಲ್ಲ ಸರಿಯಾಗಿರುತ್ತದೆ. ಕತ್ತಲಾದ ಕೂಡಲೇ ಚಿತ್ರ ಹೋಗುತ್ತದೆ, ಬರುತ್ತದೆ. ಎರಡು ಸಲ ಕ್ಯಾಮೆರಾ ಬದಲಾಯಿಸಿದರೂ ಅಷ್ಟೇ. — ತುಮಕೂರು

ಉತ್ತರ: ಮೂರನೆಯದನ್ನು ಕೊಳ್ಳಬೇಡಿ, ತಪ್ಪು ಕ್ಯಾಮೆರಾದ್ದಲ್ಲ. ಕತ್ತಲಾದಾಗ ಒಳಗಿನ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಎಲ್‌ಇಡಿಗಳು ಹೊತ್ತಿಕೊಂಡು ಕ್ಯಾಮೆರಾ ಎಳೆಯುವ ಕರೆಂಟು ಜಾಸ್ತಿಯಾಗುತ್ತದೆ. 3+1 ಕೇಬಲಿನ ತೆಳು ವೈರಿನಲ್ಲಿ 40 ಮೀಟರ್ ದೂರ ಬರುವಷ್ಟರಲ್ಲಿ 12 ವೋಲ್ಟ್ ಇದ್ದದ್ದು 9ರ ಹತ್ತಿರಕ್ಕೆ ಇಳಿದಿರುತ್ತದೆ. ಅಷ್ಟಕ್ಕೆ ಕ್ಯಾಮೆರಾ ಆಫ್ ಆಗುತ್ತದೆ, ಭಾರ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಆನ್ ಆಗುತ್ತದೆ. ರಾತ್ರಿಯಿಡೀ ಇದೇ ಆಟ.

ಪರೀಕ್ಷೆ ಸುಲಭ. ರಾತ್ರಿ, ಕ್ಯಾಮೆರಾ ಓಡುತ್ತಿರುವಾಗಲೇ, ಅದರ ಡಿಸಿ ಪಿನ್ ಬಳಿ ಮಲ್ಟಿಮೀಟರ್ ಹಿಡಿಯಿರಿ. ಪಿನ್ ಕಳಚಿ ಅಳೆದರೆ ಭಾರವೇ ಇರುವುದಿಲ್ಲ, ಸರಿಯಾಗಿ 12 ತೋರಿಸಿ ದಾರಿ ತಪ್ಪಿಸುತ್ತದೆ. 10.5ಕ್ಕಿಂತ ಕಡಿಮೆ ಬಂದರೆ ಕ್ಯಾಮೆರಾ ಪಕ್ಕದಲ್ಲೇ ಸಾಕೆಟ್ ಕೊಟ್ಟು 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಹಾಕಿ. ಸಾಕೆಟ್ ಆಗದು ಎಂದರೆ ಕರೆಂಟಿಗೆ ಮಾತ್ರ ಬೇರೆ 1 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ. ಎಲ್ಲ ಕ್ಯಾಮೆರಾಗಳೂ ಒಟ್ಟಿಗೇ ಹೀಗೆ ಆಡಿದರೆ ಮಾತ್ರ ಎಲ್ಲಕ್ಕೂ ಕರೆಂಟು ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ ಅನುಮಾನಪಡಿ.

ಪ್ರಶ್ನೆ: ನಾಲ್ಕು ಕ್ಯಾಮೆರಾ, 1 ಟಿಬಿ ಹಾರ್ಡ್‌ಡಿಸ್ಕ್. ಒಂದು ತಿಂಗಳ ರೆಕಾರ್ಡಿಂಗ್ ಇರುತ್ತದೆ ಎಂದಿದ್ದರು, ಹದಿನೈದು ದಿನದ ಹಿಂದಿನದೂ ಸಿಗುತ್ತಿಲ್ಲ. — ಹುಬ್ಬಳ್ಳಿ

ಉತ್ತರ: ಲೆಕ್ಕ ಹಾಕಿದರೆ ಸಿಗುವಂತೆಯೂ ಇಲ್ಲ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86 ಜಿಬಿ. 1 ಟಿಬಿ 11 ದಿನಕ್ಕೇ ಭರ್ತಿ, ಆಮೇಲೆ ಹಳೆಯದರ ಮೇಲೆ ಹೊಸದು. ಮೆನುವಿನಲ್ಲಿ ವಿಡಿಯೊ ಕುಗ್ಗಿಸುವ ವಿಧಾನ ಎಚ್.264 ಇದ್ದರೆ ಇನ್ನೂ ಹೆಚ್ಚು ಕುಗ್ಗಿಸುವ ಎಚ್.265 ಮಾಡಿ, ಬಿಟ್‌ರೇಟನ್ನು (ಸೆಕೆಂಡಿಗೆ ಕಳಿಸುವ ಡೇಟಾ) 1 ಮೆಗಾಬಿಟ್ಟಿಗೆ, ಸೆಕೆಂಡಿನ ಫ್ರೇಮನ್ನು 25ರಿಂದ 15ಕ್ಕೆ ಇಳಿಸಿ. 22-23 ದಿನ ಬರುತ್ತದೆ. ಇಡೀ ತಿಂಗಳು ಬೇಕೇಬೇಕೆಂದರೆ 2 ಟಿಬಿ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗಲಿ ಎಂದು ಇಡಬಹುದು, ಆದರೆ ಎದುರಿಗೆ ತೆಂಗಿನ ಗರಿ ಅಲ್ಲಾಡುತ್ತಿದ್ದರೆ ಡಿಸ್ಕಿನ ಜಾಗವೇನೂ ಉಳಿತಾಯವಾಗುವುದಿಲ್ಲ.

ಡಿಸ್ಕ್ ಹೊಸದಾಗಿ ಕೊಳ್ಳುವುದಾದರೆ ಹಳೆ ಕಂಪ್ಯೂಟರಿನದ್ದು ಬೇಡ. ಹಗಲೂ ರಾತ್ರಿ ಬರೆಯುವ ಕೆಲಸಕ್ಕೆಂದೇ ಮಾಡಿದ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥವು ಇವೆ. ಡಿಸ್ಕ್ ಕೆಟ್ಟರೆ ರೆಕಾರ್ಡರ್ ಬೀಪ್ ಎನ್ನಬೇಕು. ಕಿರಿಕಿರಿ ಎಂದು ಅದನ್ನು ಆಫ್ ಮಾಡಿ ಹೋಗುವವರೇ ಹೆಚ್ಚು. ಆನ್ ಮಾಡಿಕೊಳ್ಳಿ.

ಪ್ರಶ್ನೆ: ರಾತ್ರಿ ಹೊತ್ತು ಚಿತ್ರದ ತುಂಬ ಬಿಳಿ ಮಂಜು. — ಉಡುಪಿ

ಉತ್ತರ: ಜೇಡರ ಬಲೆ. ಐಆರ್ ಬೆಳಕಿಗೆ ಹುಳು ಬರುತ್ತವೆ, ಹುಳುವಿಗೆ ಜೇಡ. ಒರೆಸಿದರೂ ಹೋಗದಿದ್ದರೆ ಕ್ಯಾಮೆರಾದ ಡೋಮ್ (ಗುಮ್ಮಟ) ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆದಿಲ್ಲವೇನೋ ನೋಡಿ. ಪಕ್ಕದ ಬಿಳಿ ಗೋಡೆಗೆ ಐಆರ್ ಬಡಿದರೂ ಹೀಗೇ ಆಗುತ್ತದೆ, ಕ್ಯಾಮೆರಾ ತುಸು ಆಚೆ ತಿರುಗಿಸಿ.

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳ ಮನೆಯಿಂದ 150 ಮೀಟರ್ ದೂರ. ಹೋದ ಮಳೆಗಾಲ ಸಿಡಿಲಿಗೆ ಡಿವಿಆರ್ ಸುಟ್ಟುಹೋಯಿತು. — ಶಿರಸಿ

ಉತ್ತರ: ಅಷ್ಟುದ್ದದ ತಾಮ್ರ ಹೊರಗೆ ಹಾದು ಬಂದರೆ ಸಿಡಿಲಿಗೆ ನೀವೇ ದಾರಿ ಮಾಡಿಕೊಟ್ಟಂತೆ, ಹತ್ತಿರ ಎಲ್ಲೋ ಬಡಿದರೂ ಸಾಕು. ಆಪ್ಟಿಕಲ್ ಫೈಬರ್ ಎಳೆಸಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನೂ ವೈರಿನ ಸಂಕೇತವನ್ನೂ ಅದಲುಬದಲು ಮಾಡುವ ಪೆಟ್ಟಿಗೆ). ಗಾಜಿನ ಎಳೆಯಲ್ಲಿ ಕರೆಂಟು ಹರಿಯದು. ಆದರೆ ಕಂಬದಿಂದ ಕಂಬಕ್ಕೆ ಎಳೆಯುವ ಫೈಬರ್ ಕೇಬಲಿಗೆ ಎಷ್ಟೋ ಸಲ ಉಕ್ಕಿನ ತಂತಿ ಸೇರಿಸಿರುತ್ತಾರೆ. ಲೋಹ ಇಲ್ಲದ್ದನ್ನೇ ಕೇಳಿ ತನ್ನಿ. ಅಂಗಳದ ಕ್ಯಾಮೆರಾಕ್ಕೆ ಕರೆಂಟನ್ನು ಮನೆಯಿಂದ ಎಳೆದರೆ ಮತ್ತೆ ಅದೇ ಕಥೆ. ಪುಟ್ಟ ಸೋಲಾರ್ ಪ್ಯಾನೆಲ್, ಬ್ಯಾಟರಿ ವಾಸಿ.

ಸಿಮ್ ಹಾಕುವ 4ಜಿ ಕ್ಯಾಮೆರಾ ಸುಲಭ, ಆದರೆ ಸಿಗ್ನಲ್ ನೋಡಿಕೊಳ್ಳಿ. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ನೇರವಾಗಿ ನೋಡಲು ಸಿಗುವುದು ಎರಡು ಗಂಟೆ ಚಿಲ್ಲರೆ. ರೆಕಾರ್ಡಿಂಗ್ ಮೆಮೊರಿ ಕಾರ್ಡಿನಲ್ಲೇ ಇರುತ್ತದೆ. ಕಳ್ಳ ಕ್ಯಾಮೆರಾವನ್ನೇ ಕಿತ್ತೊಯ್ದರೆ ಸಾಕ್ಷಿಯೂ ಅವನ ಜೇಬಿಗೆ, ಆದ್ದರಿಂದ ಕೈಗೆಟುಕದ ಎತ್ತರದಲ್ಲಿ ಹಾಕಿ.

ಪ್ರಶ್ನೆ: ಸ್ಕೂಟರ್ ಕದ್ದ ದೃಶ್ಯ ಸಿಕ್ಕಿದೆ. ಪೊಲೀಸರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯುತ್ತದೆಯೇ? — ಬೆಂಗಳೂರು

ಉತ್ತರ: ಹುಡುಕಲು ಅನುಕೂಲವಾಗುತ್ತದೆ, ಕೋರ್ಟಿಗೆ ಸಾಲದು. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ. ಮೊದಲು ಘಟನೆಯ ಹಿಂದೆ ಮುಂದೆ ಅರ್ಧ ಗಂಟೆ ಸೇರಿಸಿ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ, ರೆಕಾರ್ಡರಿನ ಮೂಲ ಫಾರ್ಮ್ಯಾಟಿನಲ್ಲೇ, ಜೊತೆಗೆ ಅದರ ಪ್ಲೇಯರ್ ಕೂಡ. ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ. ಪರದೆಯ ಗಡಿಯಾರವನ್ನು ಮೊಬೈಲ್ ಸಮಯದ ಪಕ್ಕಕ್ಕಿಟ್ಟು ಒಂದು ಫೋಟೊ ತೆಗೆದಿಡಿ, ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದು ದಾಖಲಾಗಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇದರ ಜೊತೆ ಪ್ರಮಾಣಪತ್ರ ಬೇಕು; ಒಂದು ಭಾಗ ನೀವು, ಇನ್ನೊಂದು ಭಾಗ ತಜ್ಞರು ಭರ್ತಿ ಮಾಡುವಂಥದ್ದು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆಯೂ (ಕಡತ ತಿದ್ದಿಲ್ಲ ಎಂದು ತಾಳೆ ನೋಡುವ ಸಂಕೇತ) ಇರಬೇಕು. ನಮೂನೆಯನ್ನು ತನಿಖಾಧಿಕಾರಿಯ ಬಳಿ ಕೇಳಿ.