ನಿಮ್ಮ ತೋಟದ ಹುಳಿ ವಾಸನೆ

ನಮಸ್ಕಾರ. ಒಂಟೆ ಜೇಡಗಳ ಒಂದು ಕುಲದ ಬಗ್ಗೆ ನೀವು ಕಳಿಸಿದ 'ಗ್ಯಾಲಿಯೋಡಿಸ್: ವರ್ಗೀಕರಣ ಮತ್ತು ಹರಡುವಿಕೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ.

ಸೋಮವಾರಪೇಟೆ ಹತ್ತಿರದ ನಿಮ್ಮ ಕಾಫಿ ತೋಟದಲ್ಲಿ ಕೊಳೆತ ದಿಮ್ಮಿ ಎತ್ತಿದಾಗ ಒಂಟೆ ಜೇಡ ಕಂಡಿತು ಎಂದಿದ್ದೀರಿ. ಹಿಂದೆ ದಾರದಂಥ ಬಾಲ. ಕಡ್ಡಿಯಿಂದ ಮುಟ್ಟಿದರೆ 'ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ ರಸ) ಬಾಟಲಿ ತೆರೆದ ಹಾಗೆ' ಹುಳಿ ವಾಸನೆ. ಎಷ್ಟು ಒಳ್ಳೆಯ ಸಾಲು! ಆದರೆ ಅದು ಒಂಟೆ ಜೇಡ ಅಲ್ಲ, ಚಾಟಿ ಚೇಳು. ಒಂಟೆ ಜೇಡಕ್ಕೆ ಬಾಲವೇ ಇಲ್ಲ. ಚಾಟಿ ಚೇಳು ಬಾಲದ ಬುಡದಿಂದ ಅಸಿಟಿಕ್ ಆಮ್ಲ ಚಿಮ್ಮಿಸುತ್ತದೆ. ವಿನೆಗರ್‌ನಲ್ಲಿರುವುದೂ ಅದೇ. ಅದಕ್ಕೆ ತೇವ ಬೇಕು, ನಿಮ್ಮ ದಿಮ್ಮಿಯ ಅಡಿ ಸಿಕ್ಕಿದ್ದು ಅದಕ್ಕೇ.

ಗ್ಯಾಲಿಯೋಡಿಸ್ ಒಣ ನೆಲದ ಪ್ರಾಣಿ. ಉತ್ತರ ಆಫ್ರಿಕಾದಿಂದ ಅರೇಬಿಯಾ, ಇರಾನ್, ಮಧ್ಯ ಏಷ್ಯಾ ಹಾದು ಭಾರತದ ಒಣ ಪ್ರದೇಶಗಳವರೆಗೆ ಹರಡಿದೆ. ನೀವು 'ಭಾರತದ ಎಲ್ಲೆಡೆ' ಎಂದು ಬರೆದುಬಿಟ್ಟಿದ್ದೀರಿ. ಮಡಿಕೇರಿಯ ಮಳೆಯಲ್ಲಿ ನೆನೆದವರು ಹಾಗೆ ಬರೆಯಬಾರದು, ಅಲ್ವಾ? ಕಾಲು ಹತ್ತು ಎಂದದ್ದೂ ತಪ್ಪು. ಎಂಟೇ. ಮುಂದಿನ ಜೋಡಿ ಕಾಲಿನಂತೆ ಕಾಣುವ ಸ್ಪರ್ಶಾಂಗ. ಹೆಸರಲ್ಲಿ ಜೇಡ ಇದ್ದರೂ ಅದು ಜೇಡ ಅಲ್ಲ, ಸೊಲಿಫ್ಯೂಗೆ ಎಂಬ ಬೇರೆಯೇ ಗಣ.

ವರ್ಗೀಕರಣದ ಭಾಗ ಬರೀ ಹೆಸರುಗಳ ಪಟ್ಟಿಯಾಗಿದೆ. 1791ರಲ್ಲಿ ಫ್ರೆಂಚ್ ಕೀಟಶಾಸ್ತ್ರಜ್ಞ ಒಲಿವಿಯೆ ಈ ಕುಲಕ್ಕೆ ಹೆಸರಿಟ್ಟರು ಎಂದಿದ್ದೀರಿ, ಸರಿ. ಆದರೆ ಯಾವ ಗುರುತು ಹಿಡಿದು ಬೇರೆ ಮಾಡುತ್ತಾರೆ? ಈ ಕುಲ ಸೇರಿರುವ ಕುಟುಂಬದ ಪ್ರಾಣಿಗಳಿಗೆ ಕಾಲಿನ ಉಗುರಿನ ಮೇಲೂ ಕೂದಲಿರುತ್ತದೆ. ಅದನ್ನು ಹೇಳಿ, ಓದುವವರ ಕಣ್ಣಿಗೆ ಪ್ರಾಣಿ ಕಾಣುತ್ತದೆ. 1930ರ ದಶಕದಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ರೂವರ್ ಕಾಲಿನ ಮುಳ್ಳುಗಳ ಎಣಿಕೆಯಂಥ ಗುರುತುಗಳ ಮೇಲೆ ಸೊಲಿಫ್ಯೂಗೆಗಳನ್ನು ವಿಂಗಡಿಸಿದರು. ಆ ಎಣಿಕೆ ಒಂದೇ ಜಾತಿಯೊಳಗೂ ಬದಲಾಗುತ್ತದೆ ಎಂದು ಆಮೇಲಿನವರು ತಕರಾರು ತೆಗೆದರು. ಅಲ್ಲಿದೆ ಕಥೆ. ನೀವು ಅದನ್ನು ಅರ್ಧ ಸಾಲಲ್ಲಿ ದಾಟಿಸಿದ್ದೀರಿ.

ಇದನ್ನೇ ತಿದ್ದುತ್ತಾ ಕೂರಬೇಡಿ. ಚಾಟಿ ಚೇಳಿನ ಬಗ್ಗೆ ಬರೆಯಿರಿ. ನೀವು ಕಣ್ಣಾರೆ ನೋಡಿದ್ದು ಅದನ್ನೇ. ಒಂದು ಸಂಜೆ ಟಾರ್ಚ್ ಹಿಡಿದು ಹೋಗಿ. ಮುಂದಿನ ಉದ್ದನೆಯ ತೆಳು ಕಾಲುಗಳಿಂದ ಅದು ನೆಲವನ್ನು ಹೇಗೆ ತಡವುತ್ತದೆ ನೋಡಿ, ಗುರುತು ಹಾಕಿಕೊಳ್ಳಿ. ಎತ್ತಿದ ದಿಮ್ಮಿಯನ್ನು ಮೊದಲಿದ್ದ ಹಾಗೇ ಮೆಲ್ಲಗೆ ಇಟ್ಟು ಬನ್ನಿ.