ಬಿಲ್ಡರ್‌ನಲ್ಲಿ ಸ್ವಂತ ಕಾಂಪೊನೆಂಟ್ ಯಾಕೆ ಮೊಂಡಾಟ ಮಾಡುತ್ತದೆ

ನೀವೇ ಬರೆದ ಕ್ಯಾಲೆಂಡರ್ ಕಾಂಪೊನೆಂಟ್, ಅಂದರೆ ಸ್ವಂತ ಟ್ಯಾಗ್ ಇರುವ ಪೇಜಿನ ತುಣುಕು, ಎಳೆದುಬಿಟ್ಟು ವೆಬ್ ಪೇಜ್ ಕಟ್ಟುವ ವಿಶುವಲ್ ಬಿಲ್ಡರ್‌ನಲ್ಲಿ ಖಾಲಿ ಡಬ್ಬವಾಗಿ ಕಾಣುತ್ತದೆ, ಸ್ಟೈಲ್ ಪ್ಯಾನೆಲ್‌ನಲ್ಲಿ ಬಣ್ಣ ಬದಲಿಸಿದರೂ ಏನೂ ಆಗುವುದಿಲ್ಲ, ರಜೆಗಳ ಪಟ್ಟಿ ಕೊಡಲು ಜಾಗವಿಲ್ಲ, ಪಬ್ಲಿಷ್ ಮಾಡಿದರೆ ಮಾತ್ರ ಸರಿಯಾಗಿ ಓಡುತ್ತದೆ ಅಂದಿರಿ. ಪಬ್ಲಿಷ್ ಆದಮೇಲೆ ಓಡುತ್ತದೆ ಅಂದರೆ ಮೂಲ ಕೋಡ್ ಸರಿಯಿದೆ. ನಿಮ್ಮ ಕಾಂಪೊನೆಂಟ್ ಒಳಗೆ ಏನಿದೆ ಅನ್ನುವುದು ಬಿಲ್ಡರ್‌ಗೆ ಗೊತ್ತಿಲ್ಲ, ಅಷ್ಟೆ. ಅದಕ್ಕೆ ಅರ್ಥವಾಗುವ ದಾರಿಗಳನ್ನು ನಾವೇ ಬಿಟ್ಟುಕೊಡಬೇಕು.

ಖಾಲಿ ಡಬ್ಬದ ಕಾರಣ: ಎಷ್ಟೋ ಬಿಲ್ಡರ್‌ಗಳು ಎಡಿಟ್ ಮಾಡುವ ಕ್ಯಾನ್ವಾಸ್‌ನಲ್ಲಿ ನಮ್ಮ ಸ್ಕ್ರಿಪ್ಟ್ ಓಡಿಸುವುದೇ ಇಲ್ಲ. ಪೇಜಿನ ಟ್ಯಾಗ್‌ಗಳನ್ನು ತೋರಿಸುವ ಬ್ರೌಸರ್‌ನ ಇನ್‌ಸ್ಪೆಕ್ಟರ್ ತೆರೆದು ನಿಮ್ಮ ಟ್ಯಾಗ್ ಅಲ್ಲಿದೆಯೇ ನೋಡಿ. ಇದ್ದರೆ ಅದರೊಳಗೆ ಕ್ಯಾಲೆಂಡರ್‌ನದೇ ಒಂದು ಸಾದಾ ಟೇಬಲ್ ಬರೆದಿಡಿ. ಸ್ಕ್ರಿಪ್ಟ್ ಓಡದಿದ್ದಾಗ ಅದು ಕಾಣುತ್ತದೆ, ಓಡಿ ಶ್ಯಾಡೋ ರೂಟ್ (ಕಾಂಪೊನೆಂಟ್‌ನ ಒಳಭಾಗದ ಬೇರು) ಬಂದಮೇಲೆ ಮರೆಯಾಗುತ್ತದೆ. ಟ್ಯಾಗ್ ಇಲ್ಲವೇ ಇಲ್ಲ ಅಂದರೆ ಬಿಲ್ಡರ್ ತನ್ನದೇ ಪ್ಲೇಸ್‌ಹೋಲ್ಡರ್ ಇಟ್ಟಿದೆ. ಆಗ ಪ್ರಿವ್ಯೂ ನೋಡಿಕೊಂಡೇ ಕೆಲಸ ಮಾಡಬೇಕು, ಬೇರೆ ದಾರಿಯಿಲ್ಲ.

ಬಣ್ಣದ ವಿಷಯದಲ್ಲಿ ತಡೆಯುತ್ತಿರುವುದು ಶ್ಯಾಡೋ ಡಾಮ್, ಅಂದರೆ ಆ ಬೇರಿನ ಕೆಳಗೆ ಪೇಜಿನಿಂದ ಪ್ರತ್ಯೇಕವಾಗಿರುವ ಒಳಭಾಗ. ಹೊರಗಿನ ಸಿಎಸ್‌ಎಸ್ ಸೆಲೆಕ್ಟರ್‌ಗಳು ಅದರೊಳಗೆ ಹೋಗುವುದಿಲ್ಲ, ಆದರೆ ಸಿಎಸ್‌ಎಸ್ ವೇರಿಯೇಬಲ್‌ಗಳು (ಹೆಸರಿಟ್ಟ ಸ್ಟೈಲ್ ಮೌಲ್ಯಗಳು) ಹೋಗುತ್ತವೆ. ಹಾಗಾಗಿ ಒಳಗಿನ ಬಣ್ಣ, ಅಂತರ ಎಲ್ಲವನ್ನೂ ವೇರಿಯೇಬಲ್‌ಗಳಿಂದ ತೆಗೆದುಕೊಳ್ಳಿ, ಪ್ರತಿಯೊಂದಕ್ಕೂ ಡಿಫಾಲ್ಟ್ ಮೌಲ್ಯ ಕೊಡಿ. ಹೆಸರು ಕನ್ನಡದಲ್ಲೇ ‘--ದಿನ-ಬಣ್ಣ’ ಅಂತ ಇಟ್ಟರೂ ಬ್ರೌಸರ್ ಒಪ್ಪುತ್ತದೆ. ಪ್ಯಾನೆಲ್‌ನಲ್ಲಿ ಅಗಲ, ಎತ್ತರ ಕೂಡ ತಾಗುತ್ತಿಲ್ಲವೇ? ಕಸ್ಟಮ್ ಎಲಿಮೆಂಟ್ (ನಿಮ್ಮ ಸ್ವಂತ ಟ್ಯಾಗ್) ಡಿಫಾಲ್ಟ್ ಆಗಿ ಇನ್‌ಲೈನ್, ಅಂದರೆ ಸಾಲಿನೊಳಗಿನ ಪದದಂತೆ, ಅಗಲ, ಎತ್ತರ ಒಪ್ಪುವುದಿಲ್ಲ. ಹೋಸ್ಟ್‌ಗೆ, ಅಂದರೆ ಅದೇ ಟ್ಯಾಗ್‌ಗೆ, ಡಿಸ್‌ಪ್ಲೇ ಬ್ಲಾಕ್ ಹಾಕಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಈ ನಿಯಮ ಪೇಜಿನ ಸಿಎಸ್‌ಎಸ್‌ನಲ್ಲೂ ಇರಲಿ, ಸ್ಕ್ರಿಪ್ಟ್ ಓಡದ ಕಡೆ ಅದೇ ಕೈಹಿಡಿಯುವುದು.

ರಜೆಗಳ ಪಟ್ಟಿಯೇ ನಿಜವಾದ ತಲೆನೋವು. ಸಾಮಾನ್ಯವಾಗಿ ಪ್ಯಾನೆಲ್ ಕೊಡುವುದು ಆಟ್ರಿಬ್ಯೂಟ್ ಮಾತ್ರ, ಆಟ್ರಿಬ್ಯೂಟ್ ಅಂದರೆ ಟ್ಯಾಗ್‌ನಲ್ಲಿ ಬರೆಯುವ ಬರೀ ಪಠ್ಯ. ಅರೇ, ಆಬ್ಜೆಕ್ಟ್ ಹಾಗೇ ಕೊಡಲು ಬರುವುದಿಲ್ಲ. ಜೇಸನ್ (JSON, ಪಟ್ಟಿಗಳನ್ನು ಪಠ್ಯವಾಗಿ ಬರೆಯುವ ರೀತಿ) ಪಠ್ಯವಾಗಿ ಕೊಟ್ಟು ಒಳಗೆ ಪಾರ್ಸ್ ಮಾಡಿ, ಅಂದರೆ ಓದಿ ಮತ್ತೆ ಪಟ್ಟಿ ಮಾಡಿಕೊಳ್ಳಿ. ಸ್ಕ್ರಿಪ್ಟ್ ಓಡುವ ಕ್ಯಾನ್ವಾಸ್‌ನಲ್ಲಿ ನೀವು ಟೈಪ್ ಮಾಡುವಾಗಲೇ ಅರ್ಧಂಬರ್ಧ ಜೇಸನ್ ಒಳಗೆ ಬರಬಹುದು. ಒಂದು ಆವರಣ ಮುಚ್ಚದಿದ್ದರೂ ಪಾರ್ಸ್ ಎರರ್ ಎಸೆಯುತ್ತದೆ. ಅದನ್ನು ಹಿಡಿದು ಹಿಂದಿನ ಪಟ್ಟಿಯನ್ನೇ ಉಳಿಸಿಕೊಳ್ಳಿ, ಕ್ಯಾಲೆಂಡರ್ ಅಳಿಸಿಹಾಕಬೇಡಿ. ಪಟ್ಟಿ ಉದ್ದವಿದ್ದರೆ ಆಟ್ರಿಬ್ಯೂಟ್‌ನಲ್ಲಿ ಫೈಲಿನ ವಿಳಾಸ ಮಾತ್ರ ಕೊಟ್ಟು ಅಲ್ಲಿಂದ ತರಿಸುವುದು ವಾಸಿ.

ಇನ್ನೊಂದು, ನೀವು ಕೇಳಿಲ್ಲ, ಆದರೆ ಖಂಡಿತ ಎದುರಾಗುತ್ತದೆ. ಕಾಂಪೊನೆಂಟ್ ಅನ್ನು ಡ್ರ್ಯಾಗ್ ಮಾಡಿ ಬೇರೆ ಕಡೆ ಬಿಟ್ಟಾಗ ಡಿಸ್‌ಕನೆಕ್ಟೆಡ್ ಕಾಲ್‌ಬ್ಯಾಕ್ (ಪೇಜಿನಿಂದ ತೆಗೆದಾಗ ಓಡುವ ಕೋಡ್), ಆಮೇಲೆ ಕನೆಕ್ಟೆಡ್ ಕಾಲ್‌ಬ್ಯಾಕ್ (ಪೇಜಿಗೆ ಸೇರಿಸಿದಾಗ ಓಡುವ ಕೋಡ್) ಮತ್ತೆ ಓಡುತ್ತವೆ. ಟೈಮರ್, ವಿಂಡೋ ಮೇಲಿನ ಲಿಸನರ್‌ಗಳನ್ನು (ಇವೆಂಟ್‌ಗಾಗಿ ಕಾಯುವ ಕೋಡ್) ಮೊದಲನೆಯದರಲ್ಲಿ ತೆಗೆಯದಿದ್ದರೆ ಪ್ರತಿ ಡ್ರ್ಯಾಗ್‌ಗೂ ಒಂದೊಂದು ಸೇರುತ್ತಾ ಹೋಗುತ್ತದೆ. ಕ್ಯಾನ್ವಾಸ್ ಅದೇ ಪೇಜಿನಲ್ಲಿ ಸ್ಕ್ರಿಪ್ಟ್ ಅನ್ನು ಎರಡನೇ ಸಲ ಲೋಡ್ ಮಾಡಿದರೆ, ಅದೇ ಹೆಸರನ್ನು ಮತ್ತೆ ಡಿಫೈನ್ ಮಾಡಲು ಹೋಗಿ ಎರರ್ ಬರುತ್ತದೆ. ಈಗಾಗಲೇ ನೋಂದಣಿಯಾಗಿದೆಯೇ ಎಂದು ಕೇಳಿ ಮುಂದುವರಿಯಿರಿ.

ಇವೆಂಟ್‌ಗಳನ್ನು (ದಿನ ಆರಿಸಿದರು ಎಂಬಂಥ ಸೂಚನೆಗಳನ್ನು) ಹೋಸ್ಟ್ ಎಲಿಮೆಂಟ್ ಮೇಲಿಂದಲೇ ಕಳಿಸಿ, ಹೊರಗಿನ ಕೋಡ್‌ಗೆ ಸಲೀಸಾಗಿ ಸಿಗುತ್ತವೆ.

ಶೀರ್ಷಿಕೆಯಂಥ ಭಾಗಗಳನ್ನು ಬಿಲ್ಡರ್‌ನಲ್ಲೇ ತಿದ್ದುವಂತಿರಬೇಕು ಅಂದರೆ ಸ್ಲಾಟ್ (ಟ್ಯಾಗ್‌ನೊಳಗೆ ಬರೆದದ್ದು ಬಂದು ಕೂರುವ ಒಳಗಿನ ಜಾಗ) ಬಳಸಿ, ಆದರೆ ಪ್ರತಿ ಸ್ಲಾಟ್‌ಗೂ ಹೆಸರು ಕೊಡಿ. ಹೆಸರಿಲ್ಲದ ಸ್ಲಾಟ್ ಒಂದಿದ್ದರೂ ನಾನು ಮೇಲೆ ಹೇಳಿದ ಸಾದಾ ಟೇಬಲ್ ಅದರಲ್ಲಿ ಬಂದು ಕೂರುತ್ತದೆ, ಪಬ್ಲಿಷ್ ಆದ ಪೇಜಿನಲ್ಲಿ ಎರಡು ಕ್ಯಾಲೆಂಡರ್ ಕಾಣುತ್ತವೆ.