ನಲವತ್ತು ಗ್ರೂಪು, ಫೋನು ಮಾತ್ರ ಇಲ್ಲ: ಸೈಟು ಏಜೆಂಟರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ವರ್ಷದಿಂದ ಮೈಸೂರಿನಲ್ಲಿ ಸೈಟು, ಮನೆ, ಭೋಗ್ಯ ಎಲ್ಲ ಮಾಡಿಸುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ನಲವತ್ತಕ್ಕೂ ಹೆಚ್ಚು ರಿಯಲ್ ಎಸ್ಟೇಟ್ ಗ್ರೂಪುಗಳಲ್ಲಿದ್ದೇನೆ. ದಿನಾ ಬೆಳಿಗ್ಗೆ ಎಲ್ಲದಕ್ಕೂ ಸೈಟಿನ ವಿವರ ಹಾಕುತ್ತೇನೆ. ಆದರೆ ಫೋನು ಬರುವುದು ಬರೀ ಬೇರೆ ಏಜೆಂಟರದ್ದು. ಫೇಸ್‌ಬುಕ್ಕಿಗೆ ದುಡ್ಡು ಕಟ್ಟಿ ಜಾಹೀರಾತು ಕೊಡಲೇ, ಇಲ್ಲಾ ನನ್ನದೇ ಗ್ರೂಪು ಮಾಡಲೇ?
— ಹೆಸರು ಬೇಡ, ಬೋಗಾದಿ

ಉತ್ತರ: ಮೊದಲು ಆ ಗ್ರೂಪುಗಳ ಸದಸ್ಯರ ಪಟ್ಟಿ ತೆಗೆದು ನೋಡಿ. ಮುಕ್ಕಾಲು ಪಾಲು ಹೆಸರುಗಳ ಪಕ್ಕ ‘ಪ್ರಾಪರ್ಟೀಸ್’, ‘ಡೆವಲಪರ್ಸ್’ ಅಂತಲೇ ಇರುತ್ತದೆ. ಸಂತೆಗೆ ಗಿರಾಕಿಗಳೇ ಬಾರದೆ ವ್ಯಾಪಾರಿಗಳು ಒಬ್ಬರಿಗೊಬ್ಬರು ಕೂಗಿಕೊಂಡ ಹಾಗಿದೆ ಅದು. ವಿಜಯನಗರದ ಒಂದೇ ಸೈಟು ಆರು ಜನರ ಕೈಯಲ್ಲಿ ಆರು ರೇಟಿಗೆ ತಿರುಗುತ್ತಿರುತ್ತದೆ. ಅದರ ಮಾಲೀಕರಿಗೆ ಈ ವಿಷಯ ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಗ್ರೂಪು ಖಂಡಿತ ಮಾಡಿ. ಆದರೆ ಅದಕ್ಕೆ ‘ಮೈಸೂರು ಪ್ರಾಪರ್ಟೀಸ್’ ಅಂತ ಹೆಸರಿಟ್ಟರೆ ನಲವತ್ತೊಂದನೆಯದಾಗುತ್ತದೆ, ಅಷ್ಟೆ. ಒಂದೇ ಬಡಾವಣೆ ಹಿಡಿಯಿರಿ. ಬೋಗಾದಿ 2ನೇ ಹಂತದಲ್ಲಿ ಯಾವ ಕ್ರಾಸಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಮೂಲೆಯಲ್ಲಿ ಮಳೆ ನೀರು ನಿಲ್ಲುತ್ತದೆ ಅನ್ನುವುದು ನಿಮಗೆ ಗೊತ್ತು. ಬೆಂಗಳೂರಿನಲ್ಲಿ ಕೂತ ದೊಡ್ಡ ಪೋರ್ಟಲ್‌ಗೆ ಗೊತ್ತಿಲ್ಲ. ನಿಮ್ಮ ಬಂಡವಾಳ ಅಷ್ಟೇ, ಅದು ಸಾಕು.

ನಾನು ಬ್ರೋಕರ್ ಆಗಿದ್ದಾಗ ಮಾಡಿದ್ದನ್ನೇ ಹೇಳುತ್ತೇನೆ. ನಮ್ಮ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಸೈಟುಗಳನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವುಗಳ ಮಾಲೀಕರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲೋ ದುಬೈನಲ್ಲೋ ಇರುವವರು. ಅವರಿಗೆಲ್ಲ ಒಂದೇ ಚಿಂತೆ: ಸೈಟಿನಲ್ಲಿ ಪಾರ್ಥೇನಿಯಂ ಬೆಳೆದಿದೆಯೋ, ಯಾರಾದರೂ ಕಟ್ಟಡದ ಕಸ ಸುರಿದರೋ, ಪಕ್ಕದವರು ಕಾಂಪೌಂಡನ್ನು ಒಂದಡಿ ಒಳಕ್ಕೆ ಎಳೆದರೋ ಅಂತ. ತಿಂಗಳ ಮೊದಲ ಭಾನುವಾರ ಸ್ಕೂಟರಿನಲ್ಲಿ ಒಂದು ಸುತ್ತು ಹೋಗಿ, ಪ್ರತಿ ಸೈಟಿನ ಫೋಟೋ ತೆಗೆದು ಅವರವರಿಗೆ ಕಳಿಸುತ್ತಿದ್ದೆ. ‘ಮಾರುತ್ತೀರಾ’ ಅಂತ ಒಂದು ಸಲವೂ ಕೇಳಲಿಲ್ಲ. ಮಗಳ ಮದುವೆ ಬಂದಾಗ, ಮಗ ಹೊರದೇಶಕ್ಕೆ ಹೊರಟಾಗ ಅವರೇ ಫೋನ್ ಮಾಡಿದರು.

ಇನ್ನೊಂದು ವಿಷಯ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ನೀವು ಎರಡು ವರ್ಷ ಕಷ್ಟಪಟ್ಟು ಕೂಡಿಸಿದ ಮಾಲೀಕರ ನಂಬರನ್ನು ಒಳಗೆ ಸೇರಿಕೊಂಡ ಒಬ್ಬ ಏಜೆಂಟ್ ಐದು ನಿಮಿಷದಲ್ಲಿ ನಕಲು ಮಾಡಿಕೊಳ್ಳಬಹುದು. ಅದಕ್ಕೇ ಮಾಲೀಕರಿಗೆ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ (ಒಂದೇ ಮೆಸೇಜನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸುವ ಸೌಲಭ್ಯ) ಬಳಸಿ. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅಂದರೆ ಮೊದಲು ಮನುಷ್ಯರ ಪರಿಚಯ, ಆಮೇಲೆ ಮೆಸೇಜು. ಕೊಳ್ಳುವವರಿಗಾದರೆ 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್ ಒಳ್ಳೆಯದು; ಅಲ್ಲೂ ನಂಬರು ಬಯಲಾಗುವುದಿಲ್ಲ.

ಹಾಕುವ ಪೋಸ್ಟಿನ ಬಗ್ಗೆಯೂ ಒಂದು ಮಾತು. ‘ಪ್ರೈಮ್ ಲೊಕೇಶನ್, ಬಂಪರ್ ಆಫರ್, ಕೂಡಲೇ ಕರೆ ಮಾಡಿ’ ಓದಿ ಓದಿ ಜನಕ್ಕೆ ಕಣ್ಣು ಸವೆದಿದೆ. ಬದಲಿಗೆ ಹೀಗೆ ಬರೆದು ನೋಡಿ:

‘30/40, ಪೂರ್ವದ ಬಾಗಿಲು ಇಡಬಹುದು. ಮುಂದೆ 30 ಅಡಿ ರಸ್ತೆ. ಖಾತೆ ಮಾಲೀಕರ ಹೆಸರಿಗಿದೆ, ಈ ಸಾಲಿನ ಕಂದಾಯ ಕಟ್ಟಿದೆ. ಎಡಕ್ಕೆ ಮನೆ, ಬಲಕ್ಕೆ ಖಾಲಿ. ರಸ್ತೆಗಿಂತ ಒಂದೂವರೆ ಅಡಿ ತಗ್ಗಿನಲ್ಲಿದೆ, ಮಣ್ಣು ತುಂಬಿಸಬೇಕು.’

ಆ ಕೊನೆಯ ವಾಕ್ಯ ಬರೆಯಲು ಏಜೆಂಟರಿಗೆ ಕೈ ನಡುಗುತ್ತದೆ. ನನ್ನ ಅನುಭವದಲ್ಲಿ ಫೋನು ತಂದುಕೊಟ್ಟಿದ್ದೇ ಆ ವಾಕ್ಯ. ತಗ್ಗಿರುವುದನ್ನು ಹೇಳಿದವನು ಖಾತೆ ಬಗ್ಗೆಯೂ ನಿಜವನ್ನೇ ಹೇಳಿರುತ್ತಾನೆ ಅಂತ ಜನ ಲೆಕ್ಕ ಹಾಕುತ್ತಾರೆ. ಕ್ರಯಪತ್ರದ ಪಿಡಿಎಫ್ ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ. ಮಾಲೀಕರ ಸಹಿ, ಹೆಬ್ಬೆಟ್ಟು, ಫೋಟೋ ಎಲ್ಲ ಅದರಲ್ಲೇ ಇರುತ್ತದೆ.

ಫೇಸ್‌ಬುಕ್ ಜಾಹೀರಾತು ಸದ್ಯಕ್ಕೆ ಬೇಡ. ಸೈಟು ಕೊಳ್ಳುವವರಿಗಿಂತ ರೇಟು ಕೇಳಿ ಸುಮ್ಮನಾಗುವವರೇ ಅಲ್ಲಿ ಜಾಸ್ತಿ ಸಿಗುತ್ತಾರೆ.

ಪ್ರಶ್ನೆ: ಪರಿಚಯದವರೊಬ್ಬರು ವರ್ತುಲ ರಸ್ತೆಯ ಆಚೆ ಹೊಸ ಲೇಔಟ್ ಮಾಡುತ್ತಿದ್ದಾರೆ. ‘ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರು ಬರಲು ಇನ್ನೂ ಸಮಯವಿದೆ, ಅಲ್ಲಿಯವರೆಗೆ ಪ್ರೀ-ಲಾಂಚ್ ಅಂತ ನಿಮ್ಮ ಗ್ರೂಪಿನಲ್ಲಿ ಹಾಕಿ’ ಅನ್ನುತ್ತಾರೆ. ಹಾಕಬಹುದೇ?
— ಓದುಗರು, ದಟ್ಟಗಳ್ಳಿ

ಉತ್ತರ: ಹಾಕಬೇಡಿ. 2016ರ ರೇರಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ಯೋಜನೆಯ ಜಾಹೀರಾತು, ಬುಕಿಂಗ್, ಮಾರಾಟ ಯಾವುದೂ ಸಲ್ಲದು. ಯಾವ ಮಾಧ್ಯಮದಲ್ಲಿ ಹಾಕಿದರೂ ಅದು ಜಾಹೀರಾತೇ, ಹಾಗಾಗಿ ವಾಟ್ಸಾಪ್ ಮೆಸೇಜಿಗೆ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ‘ಸಣ್ಣ ಲೇಔಟು, ರೇರಾ ಬೇಕಿಲ್ಲ’ ಅನ್ನುವವರೂ ಸಿಗುತ್ತಾರೆ. 500 ಚದರ ಮೀಟರಿನವರೆಗಿನ ಜಾಗಕ್ಕೆ ವಿನಾಯಿತಿ ಇರುವುದು ನಿಜ. ನಮ್ಮ ಲೆಕ್ಕದಲ್ಲಿ ಅದು ಸುಮಾರು 5,380 ಚದರ ಅಡಿ, ಐದು ಗುಂಟೆಗೂ ಚೂರು ಕಮ್ಮಿ. 30/40ರ ಐದು ಸೈಟು ಅಂದರೇ 6,000 ಚದರ ಅಡಿ, ರಸ್ತೆ ಬಿಡುವ ಮೊದಲೇ ಗಡಿ ದಾಟಿತು.

ನೋಂದಣಿಯಾದ ಮೇಲೂ ಅದನ್ನು ಮಾರಿಸಲು ಏಜೆಂಟರಾಗಿ ನಿಮ್ಮದೇ ರೇರಾ ನೋಂದಣಿ ಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿ ಬೆಲೆಯ ಶೇ 5ರವರೆಗೂ ದಂಡ ಏರಬಹುದು. ಲೇಔಟ್ ಮಾಡಿದವರ ಹೊಣೆ ಬೇರೆ, ನಿಮ್ಮದು ಬೇರೆ. ಪರಿಚಯದವರಿಗೆ ‘ನಂಬರು ಬಂದ ದಿನವೇ ಹಾಕುತ್ತೇನೆ’ ಅಂತ ಹೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಪ್ರಶ್ನೆ: ಮಂಡ್ಯ, ಪಾಂಡವಪುರ ಕಡೆ ಜಮೀನು ಮಾಡಿಸುತ್ತೇನೆ. ಹೆಚ್ಚಿನ ಗಿರಾಕಿಗಳು ಬೆಂಗಳೂರಿನವರು. ಅಮೆರಿಕದಲ್ಲಿ ಏಜೆಂಟರಿಗೇ ಅಂತ ಸೋಶಿಯಲ್ ನೆಟ್‌ವರ್ಕ್ ಇದೆಯಂತೆ. ಅಂಥದ್ದು ನಮಗೂ ಉಪಯೋಗವಾಗುತ್ತದೆಯೇ?
— ಮಹಿಳಾ ಏಜೆಂಟ್, ಮಂಡ್ಯ

ಉತ್ತರ: ಇದೆ, ಆಕ್ಟಿವ್‌ರೇನ್ ಅಂತ. ಒಂದು ಊರಿನ ಏಜೆಂಟ್ ತನ್ನ ಗಿರಾಕಿಯನ್ನು ಇನ್ನೊಂದು ಊರಿನ ಏಜೆಂಟಿಗೆ ಒಪ್ಪಿಸಿ ಕಮಿಷನ್ನಿನಲ್ಲಿ ಪಾಲು ಪಡೆಯುವುದು ಅಲ್ಲಿ ಹಳೆಯ ರೂಢಿ. ನಿಮಗೆ ಬೇಕಾದ್ದೂ ಅದೇ, ಆದರೆ ಅಷ್ಟು ದೊಡ್ಡದಾಗಿ ಬೇಡ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಮಾತ್ರ ಮಾರುವ ಹತ್ತು ಹನ್ನೆರಡು ಏಜೆಂಟರ ಪರಿಚಯ ಮಾಡಿಕೊಳ್ಳಿ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ್ದರಿಂದ ಅವರ ಗಿರಾಕಿಗಳು ‘ಒಂದೆಕರೆ ತೋಟ ಇದ್ದರೆ ಹೇಳಿ’ ಅಂತ ಕೇಳುತ್ತಲೇ ಇರುತ್ತಾರೆ. ಪಾರ್ಟಿಗೆ ಜಮೀನು ತೋರಿಸುವ ಮೊದಲೇ ಯಾರಿಗೆ ಎಷ್ಟು ಅಂತ ಮೆಸೇಜಿನಲ್ಲಿ ಬರೆದುಕೊಂಡುಬಿಡಿ. ಮಾತಿನಲ್ಲಿ ‘ಆಮೇಲೆ ನೋಡೋಣ ಬಿಡಿ ಸಾರ್’ ಅಂದು ನಾನೇ ಒಂದು ಸಲ ಪೂರ್ತಿ ಕಮಿಷನ್ ಕಳೆದುಕೊಂಡಿದ್ದೇನೆ.

ವಿಡಿಯೋ ಮಾಡುವುದಾದರೆ ನಾಲೆಯಲ್ಲಿ ನೀರಿರುವಾಗ ಒಂದು, ನೀರು ನಿಲ್ಲಿಸಿದಾಗ ಇನ್ನೊಂದು, ಎರಡನ್ನೂ ತೆಗೆಯಿರಿ. ಬೆಂಗಳೂರಿನವರು ಹಸಿರು ನೋಡಿ ಬಂದು ಬೇಸಿಗೆಯಲ್ಲಿ ನಿಮ್ಮನ್ನು ಬಯ್ಯುವುದು ತಪ್ಪುತ್ತದೆ. ಪೋಸ್ಟ್ ಹಾಕುವ ಮುನ್ನ ಪಹಣಿ, ಪೋಡಿ (ಜಮೀನನ್ನು ಅಳೆದು ಬೇರ್ಪಡಿಸಿದ ದಾಖಲೆ) ನೋಡಿಕೊಳ್ಳಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಹೌದೋ ಅಲ್ಲವೋ ಎಂದು ಮೂಲ ದಾಖಲೆಯಲ್ಲೇ ಖಚಿತ ಮಾಡಿಕೊಳ್ಳಿ. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಡಿ ಆ ಕ್ರಯವೇ ನಿಲ್ಲುವುದಿಲ್ಲ.

ಪ್ರಶ್ನೆ: ಆಷಾಢದಲ್ಲಿ ಪೋಸ್ಟ್ ಹಾಕುವುದು ವ್ಯರ್ಥವೇ?
— ಓದುಗರು, ಕುವೆಂಪುನಗರ

ಉತ್ತರ: ಟೋಕನ್ ಮುಂಗಡ ಯಾರೂ ಕೊಡುವುದಿಲ್ಲ, ನಿಜ. ಆದರೆ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರ ಕೈಯಲ್ಲೂ ಫೋನಿರುತ್ತದೆ. ಶ್ರಾವಣಕ್ಕೆ ಯಾವುದನ್ನು ನೋಡಬೇಕು ಅಂತ ಅವರು ಈಗಲೇ ಗುರುತು ಹಾಕಿಕೊಳ್ಳುತ್ತಾರೆ. ನೀವಂತೂ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಡಿ. ಯಾವ ಸೈಟಿನಲ್ಲಿ ನೀರು ನಿಂತಿದೆ ಅಂತ ನೋಡಲು ವರ್ಷದಲ್ಲಿ ಇಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ.